ಮೊದಲು ಅನ್ನ, ಆಮೇಲೆ ಬುದ್ಧಿಮಾತು



ಅಡಿಕೆಯ ಕೊಳೆರೋಗ, ತೆಂಗಿನ ನುಸಿಬಾಧೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಇವೆಲ್ಲ ಈ ಅಂಕಣದಲ್ಲಿ ಸಾಮಾನ್ಯವಾಗಿ ಬರುವ ವಿಷಯಗಳು. ಈ ತಿಂಗಳು, ಅನೇಕ ಮನೆಗಳು ಹೊರಗೆ ಹೇಳದೆ ಮುಚ್ಚಿಡುವ ಒಂದು ಕಾಯಿಲೆಯ ಬಗ್ಗೆ ತಿಳಿದುಕೊಳ್ಳೋಣ. ಮನೆಯಲ್ಲಿ ಅಕ್ಕಿಯಿದೆ, ಹಾಲಿದೆ, ಮೀನು ತರುವ ಶಕ್ತಿಯೂ ಇದೆ. ಆದರೆ ಮಗಳು ಉಣ್ಣುವುದಿಲ್ಲ. ಉಂಡರೂ ಅದನ್ನು ಹೊಟ್ಟೆಯಲ್ಲಿ ಉಳಿಯಗೊಡುವುದಿಲ್ಲ. ದಿನದಿಂದ ದಿನಕ್ಕೆ ಸಪೂರವಾಗುತ್ತಾಳೆ. ಕೇಳಿದರೆ ‘ಹಸಿವಿಲ್ಲ’, ‘ಹಾಸ್ಟೆಲಿನಲ್ಲೇ ತಿಂದು ಬಂದೆ’ ಎನ್ನುತ್ತಾಳೆ.

2025ರ ಮಾರ್ಚ್ ತಿಂಗಳಲ್ಲಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ ಈ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತೋರವಾಗುವ ಭಯದಿಂದ ತಿಂಗಳುಗಟ್ಟಲೆ ಊಟ ಬಿಟ್ಟಿದ್ದ ಆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದರೂ ಉಳಿಸಿಕೊಳ್ಳಲಾಗಲಿಲ್ಲ. ಇದು ಪೇಟೆಯವರ ರೋಗ, ಶ್ರೀಮಂತರ ರೋಗ ಎಂದು ಅನೇಕರು ಪುಟ ತಿರುಗಿಸಿರಬಹುದು. ಆದರೆ ಕಣ್ಣೂರು ನಮ್ಮ ಕಾಸರಗೋಡಿನಿಂದ ರೈಲಿನಲ್ಲಿ ಒಂದೆರಡು ಗಂಟೆಯ ದಾರಿ. ಅಲ್ಲಿನ ಮಕ್ಕಳು ನೋಡುವ ಚಿತ್ರಗಳನ್ನೇ ನಮ್ಮ ಮಕ್ಕಳೂ ನೋಡುತ್ತಾರೆ, ಅಲ್ಲಿನವರು ಆಡುವ ಮಾತುಗಳನ್ನೇ ನಮ್ಮ ನೆಂಟರೂ ಆಡುತ್ತಾರೆ.

ಈ ಲೇಖನದಲ್ಲಿ ಮುಖ್ಯವಾಗಿ ಹೇಳಲಿಕ್ಕಿರುವುದು ಒಂದೇ ಮಾತು. ಇಂಥ ಮಗುವಿಗೆ ಬುದ್ಧಿ ಬರಲಿ, ಆಮೇಲೆ ತಾನಾಗಿಯೇ ಉಣ್ಣುತ್ತಾಳೆ ಎಂದು ಕಾಯಬಾರದು. ಮೊದಲು ಅನ್ನ ಒಳಗೆ ಹೋಗಬೇಕು; ಬುದ್ಧಿ ಅದರ ಹಿಂದೆ ಬರುತ್ತದೆ.

ಇದು ಹಟವಲ್ಲ, ಶೋಕಿಯೂ ಅಲ್ಲ

ಆಹಾರ ಸೇವನೆಗೆ ಸಂಬಂಧಪಟ್ಟ ಈ ಕಾಯಿಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಅನೊರೆಕ್ಸಿಯಾ ನರ್ವೋಸಾ. ಇದರಲ್ಲಿ ರೋಗಿ ಊಟವನ್ನು ಕಡಿಮೆ ಮಾಡುತ್ತಾ ಹೋಗುತ್ತಾಳೆ. ಎಲುಬು ಕಾಣುವಷ್ಟು ಬಡವಾದರೂ ತಾನು ತೋರವಾಗಿದ್ದೇನೆ ಎಂದೇ ಅವಳಿಗೆ ತೋರುತ್ತದೆ. ಎರಡನೆಯದು ಬುಲಿಮಿಯಾ ನರ್ವೋಸಾ. ತಡೆಯಲಾಗದೆ ಒಮ್ಮೆಲೇ ತುಂಬಾ ತಿನ್ನುವುದು, ಆಮೇಲೆ ಹೆದರಿ, ನಾಚಿ, ಗುಟ್ಟಾಗಿ ವಾಂತಿ ಮಾಡುವುದು ಅಥವಾ ಭೇದಿಯ ಔಷಧಿ ತೆಗೆದುಕೊಳ್ಳುವುದು ಇದರ ಲಕ್ಷಣ. ಇವರ ತೂಕ ಹೆಚ್ಚಾಗಿ ಸರಿಯಾಗಿಯೇ ಇರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಸುಳಿವು ಸಿಗುವುದಿಲ್ಲ. ಮೂರನೆಯದು, ವಾಂತಿ ಇಲ್ಲದೆ, ಹಿಡಿತ ತಪ್ಪಿ ಮತ್ತೆ ಮತ್ತೆ ಅತಿಯಾಗಿ ತಿನ್ನುವ ಕಾಯಿಲೆ.

ಇವು ಮೊಬೈಲ್ ಫೋನಿನೊಂದಿಗೆ ಹುಟ್ಟಿದ ರೋಗಗಳಲ್ಲ. 1873ರಲ್ಲಿಯೇ ಪ್ಯಾರಿಸಿನ ವೈದ್ಯ ಲಾಸೆಗ್ ಮತ್ತು ಲಂಡನ್ನಿನ ವೈದ್ಯ ವಿಲಿಯಂ ಗಲ್ ಉಣ್ಣಲೊಲ್ಲದ ಹುಡುಗಿಯರ ಬಗ್ಗೆ ಬೇರೆ ಬೇರೆಯಾಗಿ ವಿವರಿಸಿದ್ದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್ ಅವರದು. ಬುಲಿಮಿಯಾವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಲಂಡನ್ನಿನ ವೈದ್ಯರು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಇಂದಿನ ಚಿತ್ರಗಳು, ಹೋಲಿಕೆಗಳು ಬೆಂಕಿಗೆ ಗಾಳಿ ಹಾಕುತ್ತವೆ ನಿಜ. ಆದರೆ ಬೆಂಕಿ ಹಳೆಯದು.

ಹನ್ನೆರಡರಿಂದ ಇಪ್ಪತ್ತರ ನಡುವಿನ ಹುಡುಗಿಯರಲ್ಲಿ ಇದು ಹೆಚ್ಚು. ಹಾಗೆಂದು ಹುಡುಗರಿಗೆ ಬಾರದು ಎಂದಲ್ಲ. ಓಟ, ಕುಸ್ತಿ, ವ್ಯಾಯಾಮ ಶಾಲೆ ಎಂದು ತೂಕದ ಹಿಂದೆ ಬಿದ್ದ ಹುಡುಗರಲ್ಲೂ ಕಾಣಿಸಿಕೊಳ್ಳುತ್ತದೆ. ಗಂಡುಮಗುವಿಗೆ ಇಂಥ ರೋಗವಿದೆ ಎಂದು ಯಾರೂ ಶಂಕಿಸದ ಕಾರಣ ಅವರು ಚಿಕಿತ್ಸೆಗೆ ತಲುಪುವಾಗ ತಡವಾಗಿರುತ್ತದೆ.

ಆರಂಭ ಅನೇಕ ಸಲ ಹೊಗಳಿಕೆಯಿಂದಲೇ ಆಗುತ್ತದೆ. ‘ಸಪೂರ ಆದ ಮೇಲೆ ಚಂದ ಕಾಣ್ತಿ’ ಎಂದು ನಾಲ್ಕು ಜನ ಹೇಳುತ್ತಾರೆ. ಮೊದಲು ಸಿಹಿತಿಂಡಿ ಬಿಡುತ್ತಾಳೆ, ನಂತರ ಎಣ್ಣೆ, ತೆಂಗಿನಕಾಯಿ, ಕೊನೆಗೆ ಅನ್ನ. ತಾನು ಉಣ್ಣದಿದ್ದರೂ ತಮ್ಮ ತಂಗಿಯರಿಗೆ ಅಡಿಗೆ ಮಾಡಿ ಬಡಿಸುವ ಉತ್ಸಾಹ ಹೆಚ್ಚುತ್ತದೆ. ಎಲ್ಲರೊಟ್ಟಿಗೆ ಊಟಕ್ಕೆ ಕೂರುವುದಿಲ್ಲ. ದೊಗಳೆ ಬಟ್ಟೆ ಹಾಕುತ್ತಾಳೆ. ಊಟವಾದ ಕೂಡಲೇ ಬಚ್ಚಲುಮನೆಗೆ ಹೋಗುತ್ತಾಳೆ. ಓದಿನಲ್ಲಿ ಮುಂದು, ಮಾತಿನಲ್ಲಿ ವಿನಯ, ಪೂಜೆಗೆ ತಪ್ಪದೆ ಬರುವವಳು. ಆದ್ದರಿಂದಲೇ ಯಾರಿಗೂ ಸಂಶಯ ಬರುವುದಿಲ್ಲ.

ಹಸಿದ ಮೆದುಳಿಗೆ ಉಪದೇಶ ಹತ್ತುವುದಿಲ್ಲ

‘ಇಷ್ಟು ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ?’ ಎಂದು ತಂದೆತಾಯಿ ಕೇಳುತ್ತಾರೆ. ಇದಕ್ಕೆ ಉತ್ತರ ಸಿಗುವುದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ನಡೆದ ಒಂದು ಪ್ರಯೋಗದಲ್ಲಿ. ಯುದ್ಧದಿಂದ ಹಸಿದ ಜನರಿಗೆ ಮತ್ತೆ ಆಹಾರ ಕೊಡುವುದು ಹೇಗೆ ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು ಆರಿಸಿಕೊಂಡರು. ಆತ್ಮಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ಒಪ್ಪದೆ, ಬೇರೆ ರೀತಿಯಲ್ಲಿ ಸೇವೆ ಮಾಡುತ್ತೇವೆಂದು ತಾವಾಗಿಯೇ ಮುಂದೆ ಬಂದ, ದೇಹ ಮನಸ್ಸು ಎರಡೂ ಗಟ್ಟಿಯಾಗಿದ್ದ ಯುವಕರು ಅವರು. ಅವರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಡಲಾಯಿತು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು.

ದೇಹ ಇಳಿದದ್ದು ಆಶ್ಚರ್ಯವಲ್ಲ. ಮನಸ್ಸು ಬದಲಾದದ್ದು ಆಶ್ಚರ್ಯ. ಹಗಲಿರುಳು ಊಟದ್ದೇ ಯೋಚನೆ. ಅಡಿಗೆ ಪುಸ್ತಕಗಳನ್ನು ಓದತೊಡಗಿದರು. ತಟ್ಟೆಯಲ್ಲಿದ್ದುದನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನುತ್ತಿದ್ದರು. ಗೆಳೆಯರ ಸಹವಾಸ ಬೇಡವಾಯಿತು. ಸಿಟ್ಟು, ಬೇಸರ, ಖಿನ್ನತೆ ಬಂತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ಇವರಲ್ಲಿ ಯಾರಿಗೂ ಸಪೂರವಾಗುವ ಆಸೆಯಿರಲಿಲ್ಲ. ಹಸಿವೇ ಮನಸ್ಸನ್ನು ಹಾಗೆ ಮಾಡಿತ್ತು. ಮತ್ತೆ ಊಟ ಕೊಟ್ಟು ತಿಂಗಳುಗಳು ಕಳೆದ ಮೇಲೆ ಅವರು ಮೊದಲಿನಂತಾದರು. ಈ ವಿವರಗಳು 1950ರಲ್ಲಿ ಗ್ರಂಥವಾಗಿ ಪ್ರಕಟವಾದವು.

ನಮ್ಮ ಮಗಳಲ್ಲಿ ಕಾಣುವ ಹಟ, ಸಿಟ್ಟು, ಮೌನ, ಅಡಿಗೆಮನೆಯ ಗೀಳು, ಇವುಗಳಲ್ಲಿ ಬಹುಪಾಲು ಅವಳ ಸ್ವಭಾವವಲ್ಲ, ಹಸಿವಿನ ಕೆಲಸ ಎಂಬುದನ್ನು ಇದರಿಂದ ತಿಳಿಯಬಹುದು. ನೀರಿಲ್ಲದ ಗದ್ದೆಗೆ ಬೀಜ ಬಿತ್ತಿದ ಹಾಗೆ, ಹಸಿದ ಮೆದುಳಿಗೆ ಹೇಳಿದ ಉಪದೇಶ ಮೊಳೆಯುವುದಿಲ್ಲ. ಮೊದಲು ನೀರು ಬಿಡಬೇಕು.

ದೇಹದಲ್ಲಿ ಏನಾಗುತ್ತದೆ?

ಆದಾಯ ನಿಂತ ಮನೆಯಲ್ಲಿ ಒಂದೊಂದೇ ಖರ್ಚು ಕಡಿಮೆ ಮಾಡುವಂತೆ, ಆಹಾರ ಸಿಗದ ದೇಹವೂ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತದೆ. ಹೃದಯ ನಿಧಾನವಾಗಿ ಬಡಿಯುತ್ತದೆ. ಹೃದಯದ ಸ್ನಾಯುವೇ ಕುಗ್ಗುತ್ತದೆ. ರಕ್ತದೊತ್ತಡ ಇಳಿದು, ಎದ್ದು ನಿಂತಾಗ ತಲೆ ತಿರುಗುತ್ತದೆ. ಕೈಕಾಲು ತಣ್ಣಗಿರುತ್ತದೆ. ತಲೆಗೂದಲು ಉದುರುತ್ತದೆ, ಬೆನ್ನು, ತೋಳು, ಕೆನ್ನೆಗಳಲ್ಲಿ ಮಾತ್ರ ನವಿರಾದ ರೋಮ ಬೆಳೆಯುತ್ತದೆ. ಮಲಬದ್ಧತೆ ಬರುತ್ತದೆ. ಜಠರ ನಿಧಾನವಾಗುವುದರಿಂದ ಎರಡು ತುತ್ತು ತಿಂದರೂ ಹೊಟ್ಟೆ ತುಂಬಿದಂತೆ ಆಗುತ್ತದೆ. ಆದ್ದರಿಂದ ‘ಹೊಟ್ಟೆ ಬಿರಿಯುತ್ತದೆ ಅಮ್ಮ’ ಎನ್ನುವುದು ಯಾವಾಗಲೂ ಸುಳ್ಳಲ್ಲ.

ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ. ಇದನ್ನು ‘ರಕ್ತ ಕಡಿಮೆ, ಟಾನಿಕ್ ಕೊಟ್ಟರೆ ಸಾಕು’ ಎಂದು ತಳ್ಳಿಬಿಡಬಾರದು. ಎಲುಬು ಗಟ್ಟಿಯಾಗುವ ವಯಸ್ಸೇ ಇದು. ಹದಿಹರೆಯದಲ್ಲಿ ಕೂಡಿಡದ ಎಲುಬಿನ ಬಲವನ್ನು ನಲ್ವತ್ತರಲ್ಲಿ ತುಂಬಿಸಲು ಆಗುವುದಿಲ್ಲ. ಬೆಳೆಯುವ ವಯಸ್ಸಿನವರಲ್ಲಿ ಎತ್ತರವೂ ಕುಂಠಿತವಾಗಬಹುದು. ಬೇಸಿಗೆಯಲ್ಲಿ ನೀರು ತಪ್ಪಿದ ಅಡಿಕೆ ಮರದ ನಷ್ಟ ಆ ತಿಂಗಳೇ ಕಾಣುವುದಿಲ್ಲ, ಮುಂದಿನ ಕೊಯ್ಲಿನಲ್ಲಿ ಕಾಣುತ್ತದೆ. ಎಲುಬಿನ ನಷ್ಟವೂ ಹಾಗೆಯೇ.

ವಾಂತಿ ಮಾಡುವವರಲ್ಲಿ ಬೇರೆ ಅಪಾಯಗಳಿವೆ. ಜಠರದ ಆಮ್ಲದಿಂದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಕೆಲವೊಮ್ಮೆ ಹಲ್ಲಿನ ಡಾಕ್ಟರರೇ ಇದನ್ನು ಮೊದಲು ಗುರುತಿಸುತ್ತಾರೆ. ಕೆನ್ನೆಯ ಬುಡ ಊದಿಕೊಳ್ಳಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು. ಅದು ತೀರಾ ಇಳಿದರೆ ಹೃದಯದ ಲಯ ತಪ್ಪಿ, ಹೊರಗೆ ಚೆನ್ನಾಗಿಯೇ ಕಾಣುವ ಹುಡುಗಿಯೂ ಹಠಾತ್ತಾಗಿ ಸಾಯಬಹುದು. ಅಮೆರಿಕದ ಪ್ರಸಿದ್ಧ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ತನ್ನ 32ನೆಯ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡದ್ದು ಅನೊರೆಕ್ಸಿಯಾದ ಪರಿಣಾಮದಿಂದಲೇ. ಈ ಕಾಯಿಲೆಯ ಹೆಸರು ಲೋಕಕ್ಕೆ ತಿಳಿದದ್ದೂ ಬಹುಮಟ್ಟಿಗೆ ಆ ಸಾವಿನಿಂದ.

ಒಂದು ದಿನವೂ ತಡಮಾಡಬಾರದ ಲಕ್ಷಣಗಳು

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ:

1. ಹಗಲು ಎಚ್ಚರವಿದ್ದಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇರುವುದು.
2. ತಲೆ ತಿರುಗಿ ಬೀಳುವುದು, ಎದೆ ನಡುಗುವುದು ಅಥವಾ ಎದೆನೋವು, ಉಸಿರಾಟದ ತೊಂದರೆ.
3. ಆಹಾರವನ್ನು, ಅದರಲ್ಲೂ ನೀರನ್ನು, ಪೂರ್ತಿಯಾಗಿ ನಿರಾಕರಿಸುವುದು.
4. ವಾಂತಿಯಲ್ಲಿ ರಕ್ತ, ದಿನಕ್ಕೆ ಹಲವು ಸಲ ವಾಂತಿ.
5. ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಆಗದಷ್ಟು ನಿಶ್ಶಕ್ತಿ, ಕಾಲು ಊದಿಕೊಳ್ಳುವುದು.
6. ಮಾತಿನಲ್ಲಿ ಗೊಂದಲ, ಅತಿಯಾದ ನಿದ್ದೆ, ಮೈ ತಣ್ಣಗಾಗುವುದು.
7. ಸಾಯುವ ಮಾತು.

ಕೊನೆಯದನ್ನು ಯಾರೂ ಹಗುರವಾಗಿ ಕಾಣಬಾರದು. ಅನೊರೆಕ್ಸಿಯಾದಲ್ಲಿ ಸಂಭವಿಸುವ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದು ಆತ್ಮಹತ್ಯೆ ಎಂದು 2011ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದ ವರದಿ ತಿಳಿಸುತ್ತದೆ. ನಾವು ಕೃಷಿಕರು. ತೋಟಕ್ಕೆ ಬಳಸುವ ಕೀಟನಾಶಕ, ಕಳೆನಾಶಕಗಳು ನಮ್ಮ ಕೊಟ್ಟಿಗೆಯಲ್ಲಿ, ಜಗಲಿಯ ಮೂಲೆಯಲ್ಲಿ ಇರುತ್ತವೆ. ಅವನ್ನು ಇಂದೇ ಬೀಗ ಹಾಕಿಡಿ. ಬೀಗದ ಕೈ ಹಿರಿಯರೊಬ್ಬರಲ್ಲಿರಲಿ. ಮಾತ್ರೆಗಳನ್ನೂ ಹಾಗೆಯೇ ಇಡಿ.

ಮೊದಲ ಹೆಜ್ಜೆ ವೈದ್ಯರಲ್ಲಿಗೆ

ಮೊದಲು ಪರಿಚಯದ ವೈದ್ಯರಲ್ಲಿ ದೇಹವನ್ನು ಪರೀಕ್ಷಿಸಿಕೊಳ್ಳಿ. ತೂಕ, ಎತ್ತರ, ಮಲಗಿದಾಗ ಮತ್ತು ನಿಂತಾಗ ನಾಡಿ ಹಾಗೂ ರಕ್ತದೊತ್ತಡ, ಇ.ಸಿ.ಜಿ., ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಸಕ್ಕರೆ ಇವನ್ನು ನೋಡಬೇಕು. ಕ್ಷಯ, ಥೈರಾಯ್ಡ್, ಮಕ್ಕಳ ಸಕ್ಕರೆ ಕಾಯಿಲೆ, ಕರುಳಿನ ರೋಗಗಳಿಂದಲೂ ತೂಕ ಇಳಿಯುವುದರಿಂದ ಅವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ರಕ್ತಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಮಗು ಸುರಕ್ಷಿತ ಎಂದಲ್ಲ. ದೇಹ ಕೊನೆಯವರೆಗೂ ರಕ್ತದ ಲೆಕ್ಕವನ್ನು ಸರಿದೂಗಿಸಿಕೊಂಡು ಹೋಗುತ್ತದೆ.

ಆಮೇಲೆ ಮನೋವೈದ್ಯರು. ‘ಹುಚ್ಚಿನ ಡಾಕ್ಟರು’ ಎಂಬ ಮಾತನ್ನು ಇನ್ನಾದರೂ ಬಿಡೋಣ. ನಮ್ಮ ಜಿಲ್ಲೆಯಲ್ಲಿ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಗಡಿಯಾಚೆ ಮಂಗಳೂರಿನಲ್ಲಿ, 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಆರಂಭಿಸಿದ ಸೇವೆಯಿಂದ ಬೆಳೆದ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗವಿದೆ. 2022ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಮಾತಾಡಬಹುದು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ವಿಮೆ ಇರುವವರು ಇದನ್ನು ನೆನಪಿಡಿ.

ಒಮ್ಮೆಲೇ ಹೊಟ್ಟೆ ತುಂಬಿಸಬೇಡಿ

ಬಹಳ ದಿನ ಉಣ್ಣದವಳು ಒಂದು ದಿನ ‘ಆಯಿತು, ತಿನ್ನುತ್ತೇನೆ’ ಎಂದಳೆಂದು ಸಂತೋಷದಿಂದ ಬಿರಿಯಾನಿ, ಪಾಯಸ ಮಾಡಿ ಬಡಿಸಬೇಡಿ. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಕೆಲವರು ಊಟ ಸಿಕ್ಕಿದ ಮೇಲೆಯೇ ಸತ್ತರು. ಬರಿದಾದ ದೇಹಕ್ಕೆ ಒಮ್ಮೆಲೇ ಆಹಾರ ಬಂದಾಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ತೀರಾ ಇಳಿದು ಹೃದಯ, ಶ್ವಾಸಕೋಶ ಸೋಲುತ್ತವೆ. ಒಣಗಿದ ಮಣ್ಣಿಗೆ ಒಮ್ಮೆಲೇ ರಾಸಾಯನಿಕ ಗೊಬ್ಬರ ಸುರಿದರೆ ಬೇರು ಸುಟ್ಟುಹೋಗುವುದನ್ನು ನಾವು ಬಲ್ಲೆವು. ಆದ್ದರಿಂದ ತೀರಾ ಬಡವಾದ ಮಗುವಿಗೆ, ಅಥವಾ ಐದಾರು ದಿನ ಬಹುತೇಕ ಏನೂ ತಿನ್ನದ ಮಗುವಿಗೆ, ಮೊದಲ ಒಂದೆರಡು ವಾರದ ಊಟ ವೈದ್ಯರ ಲೆಕ್ಕದಂತೆ, ರಕ್ತ ಪರೀಕ್ಷಿಸುತ್ತಾ ನಡೆಯಬೇಕು. ಕೆಲವರನ್ನು ಇದಕ್ಕಾಗಿಯೇ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ.

ಊಟದ ಹೊಣೆ ಮನೆಯವರದು

ಒಂದು ಕಾಲದಲ್ಲಿ ಇಂಥ ಮಕ್ಕಳನ್ನು ತಂದೆತಾಯಿಯಿಂದ ದೂರವಿಟ್ಟು ಚಿಕಿತ್ಸೆ ಮಾಡುತ್ತಿದ್ದರು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಹದಿಹರೆಯದವರಿಗೆ, ಅದರಲ್ಲೂ ಕಾಯಿಲೆ ಹಿಡಿದು ಮೂರು ವರ್ಷ ಆಗಿರದವರಿಗೆ, ಮನೆಯವರೇ ಒಳ್ಳೆಯ ದಾದಿಯರು ಎಂದು ಅವರ ಅಧ್ಯಯನದಲ್ಲಿ ಕಂಡುಬಂತು. 1987ರಲ್ಲಿ ಅದು ಪ್ರಕಟವಾಯಿತು. ಇಂದು ಹದಿಹರೆಯದವರ ಅನೊರೆಕ್ಸಿಯಾಕ್ಕೆ ಜಗತ್ತಿನ ಅನೇಕ ಕಡೆ ಮೊದಲು ಸೂಚಿಸುವ ಚಿಕಿತ್ಸೆ ಇದುವೇ.

ಇದರಲ್ಲಿ ಮೂರು ಹಂತ. ಮೊದಲನೆಯ ಹಂತದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂದು ತಂದೆತಾಯಿ ನಿರ್ಧರಿಸುತ್ತಾರೆ. ಜ್ವರ ಬಂದವಳಿಗೆ ಮಾತ್ರೆ ಬೇಕೋ ಬೇಡವೋ ಎಂದು ನಾವು ಕೇಳುವುದಿಲ್ಲ. ಇಲ್ಲಿ ಅನ್ನವೇ ಮಾತ್ರೆ. ತೂಕ ಸುಧಾರಿಸಿದ ಮೇಲೆ ಎರಡನೆಯ ಹಂತದಲ್ಲಿ ಊಟದ ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಅವಳಿಗೆ ಮರಳಿಸುತ್ತಾರೆ. ಮೂರನೆಯದರಲ್ಲಿ ಓದು, ಗೆಳೆತನ, ಮುಂದಿನ ಬದುಕಿನ ಮಾತು. ಬುದ್ಧಿಮಾತಿಗೆ ಸ್ಥಳವಿರುವುದು ಇಲ್ಲಿ. ಇದೆಲ್ಲ ಆರು ತಿಂಗಳಿಂದ ಒಂದು ವರ್ಷದವರೆಗಿನ ಕೆಲಸ.

ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ ಇರಲಿ. ಹೊತ್ತು ತಪ್ಪಬಾರದು. ನಮ್ಮ ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಅದರಲ್ಲಿ ನೀರು ಹೆಚ್ಚು, ಬಲ ಕಡಿಮೆ. ಸ್ವಲ್ಪ ತಿಂದರೂ ಬಲ ಕೊಡುವಂಥದ್ದು ಬೇಕು: ಗಂಜಿಗೆ ತುಪ್ಪ, ತೆಂಗಿನಕಾಯಿ ಚಟ್ನಿ, ಮೊಟ್ಟೆ, ಬೂತಾಯಿ ಬಂಗುಡೆಯ ಸಾರು, ಹಾಲು, ನೇಂದ್ರ ಬಾಳೆಹಣ್ಣು, ನೆಲಗಡಲೆ, ಬೆಲ್ಲ ತೆಂಗಿನತುರಿ ಹಾಕಿದ ಅವಲಕ್ಕಿ. ಮನೆಯಲ್ಲಿ ಚಿಕಿತ್ಸೆ ನಡೆಯುವಾಗ ವಾರಕ್ಕೆ ಸುಮಾರು ಅರ್ಧ ಕಿಲೋ ತೂಕ ಏರಿದರೆ ಸರಿಯಾದ ದಾರಿಯಲ್ಲಿದ್ದೇವೆ ಎಂದು ತಿಳಿಯಬಹುದು. ತೂಕವನ್ನು ವೈದ್ಯರಲ್ಲಿಯೇ ನೋಡಿಸಿ. ಮನೆಯಲ್ಲಿ ತೂಕದ ಯಂತ್ರವಿದ್ದರೆ ತೆಗೆದಿಡಿ.

ಊಟಕ್ಕೆ ಅವಳ ಪಕ್ಕದಲ್ಲಿ ಒಬ್ಬರು ಕೂತು ತಾವೂ ಉಣ್ಣಬೇಕು. ಅವಳು ಅಳಬಹುದು, ಬೈಯಬಹುದು, ತಟ್ಟೆ ತಳ್ಳಬಹುದು. ಸಿಟ್ಟಾಗಬಾರದು, ಸೋಲಲೂ ಬಾರದು. ‘ಮಗಾ, ನಿನಗೆ ಕಷ್ಟ ಎಂದು ನನಗೆ ಗೊತ್ತುಂಟು. ಇದು ಈಗ ನಿನ್ನ ಮದ್ದು. ಮುಗಿಯುವವರೆಗೆ ನಾನು ಇಲ್ಲೇ ಕೂತಿರ್ತೇನೆ’ ಎಂದರೆ ಸಾಕು. ಬಾಯಿಗೆ ತುರುಕುವುದು, ಹೊಡೆಯುವುದು ಬೇಡ. ಊಟದ ನಂತರ ಒಂದು ಗಂಟೆ ಜೊತೆಯಲ್ಲಿರಿ: ಮಲ್ಲಿಗೆ ಕಟ್ಟುವುದು, ಕೇರಂ, ಏನಾದರೂ ಕೈಕೆಲಸ. ತುತ್ತು ಇಳಿದ ಮೇಲೆ ಬರುವ ಭಯವನ್ನು ಒಬ್ಬಳೇ ಅನುಭವಿಸಲು ಬಿಡಬಾರದು. ವೈದ್ಯರು ಹೇಳುವವರೆಗೆ ಓಟ, ಕಠಿಣ ವ್ಯಾಯಾಮ, ಶಾಲೆಯ ಡ್ರಿಲ್ ಬೇಡ. ತರಗತಿಯ ಟೀಚರಿಗೆ ತಿಳಿಸಿ. ನರ್ಸಿಂಗ್ ಅಥವಾ ಬೇರೆ ಕಾಲೇಜಿನ ಹಾಸ್ಟೆಲಿನಲ್ಲಿರುವವಳಾದರೆ ಸ್ವಲ್ಪ ಸಮಯ ಮನೆಯಿಂದಲೇ ಹೋಗಿಬರುವಂತೆ ಮಾಡಿ. ಬೇಕಾದರೆ ಒಂದು ಸೆಮಿಸ್ಟರ್ ಬಿಡಿಸಿ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.

ಮನೆಯವರೆಲ್ಲ ಒಂದೇ ಮಾತಿನವರಾಗಿರಬೇಕು. ಅಮ್ಮ ಉಣಿಸುವಾಗ ಅಜ್ಜಿ ‘ಪಾಪ, ಸಾಕು ಬಿಡು’ ಎಂದರೆ, ಗಲ್ಫಿನಲ್ಲಿರುವ ಅಪ್ಪ ಫೋನಿನಲ್ಲಿ ‘ಎಷ್ಟು ಕಿಲೋ ಆದೆ?’ ಎಂದು ಗದರಿದರೆ ಕೆಲಸ ಕೆಡುತ್ತದೆ. ಅಪ್ಪ ಅವಳ ಊಟದ ಹೊತ್ತಿಗೆ ಫೋನು ಮಾಡಿ, ತೂಕದ ಮಾತೆತ್ತದೆ, ಊರಿನ ಸುದ್ದಿ, ನಾಯಿಮರಿಯ ಸುದ್ದಿ ಮಾತಾಡಿದರೆ ಅದೇ ದೊಡ್ಡ ಸಹಾಯ. ಅತ್ತೆ, ಚಿಕ್ಕಮ್ಮ, ಸೋದರಮಾವ ಹತ್ತಿರದಲ್ಲಿದ್ದರೆ ವಾರದಲ್ಲಿ ಎರಡು ಹೊತ್ತಿನ ಊಟಕ್ಕೆ ಅವರು ಕೂರಲಿ. ತಾಯಿಗೂ ವಿಶ್ರಾಂತಿ ಬೇಕು. ತಮ್ಮ ತಂಗಿಯರಿಗೂ ತಾಯಿ ಬೇಕು.

ನೆಂಟರು, ನೆರೆಯವರು ಗಮನಿಸಬೇಕಾದುದು

ಮದುವೆಯ ರೋಸಿನಲ್ಲಿ, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟದಲ್ಲಿ, ನಾವು ಒಬ್ಬರನ್ನೊಬ್ಬರು ಕಂಡ ಕೂಡಲೇ ಆಡುವ ಮೊದಲ ಮಾತೇ ಮೈಯ ಬಗ್ಗೆ. ‘ತೋರ ಆಗಿದ್ದಿ’, ‘ಒಣಕಲು ಮೀನಿನ ಹಾಗೆ ಆಗಿದ್ದಿ’. ಈ ಅಭ್ಯಾಸವನ್ನು ಬಿಡಬೇಕು. ಗುಣವಾಗುತ್ತಿರುವವಳಿಗೆ ‘ಈಗ ಮೈ ತುಂಬಿ ಒಳ್ಳೆ ಕಾಣ್ತಿ’ ಎಂದರೂ ಅವಳಿಗೆ ಕೇಳಿಸುವುದು ‘ತೋರ ಆದೆ’ ಎಂದೇ. ‘ನಿನ್ನನ್ನು ಕಂಡು ಸಂತೋಷ ಆಯ್ತು’ ಎನ್ನಿ. ಅಷ್ಟು ಸಾಕು.

ಮದುವೆಯ ಸಂಬಂಧ ತಪ್ಪೀತು ಎಂದು ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟಷ್ಟು ದಿನ ಕಾಯಿಲೆ ಬೇರು ಬಿಡುತ್ತದೆ. ಇದು ತಾಯಿಯ ಸಾಕಣೆಯ ದೋಷವೂ ಅಲ್ಲ. 2019ರಲ್ಲಿ ಪ್ರಕಟವಾದ, ಸುಮಾರು 17,000 ರೋಗಿಗಳನ್ನು ಒಳಗೊಂಡ ಅಧ್ಯಯನದಲ್ಲಿ ಅನೊರೆಕ್ಸಿಯಾಕ್ಕೆ ಸಂಬಂಧಪಟ್ಟ 8 ತಾಣಗಳನ್ನು ಮನುಷ್ಯನ ವಂಶವಾಹಿಗಳಲ್ಲಿ ಗುರುತಿಸಲಾಗಿದೆ. ಅವುಗಳಲ್ಲಿ ಕೆಲವು ದೇಹ ಆಹಾರವನ್ನು ಬಳಸುವ ರೀತಿಗೂ ಸಂಬಂಧಿಸಿವೆ. ಗಂಡ ಹೆಂಡಿರು ಪರಸ್ಪರ ದೂರುತ್ತಾ ಕಳೆಯುವ ಸಮಯವನ್ನು ಮಗುವಿನ ಪಕ್ಕದಲ್ಲಿ ಕಳೆಯಲಿ.

ಉಪವಾಸ ಮತ್ತು ಹರಕೆಯ ವಿಷಯ

ಗುರುವಾಗಿ ಈ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಪಸ್ಸುಕಾಲ ಬಂದಾಗ ಈ ಕಾಯಿಲೆ ಭಕ್ತಿಯ ವೇಷ ಹಾಕಿಕೊಳ್ಳುತ್ತದೆ. ‘ಉಪವಾಸ ಮಾಡುತ್ತಿದ್ದೇನೆ’ ಎಂದರೆ ಮನೆಯವರು ಎದುರು ಮಾತಾಡಲು ಅಂಜುತ್ತಾರೆ. ಅಂಜಬೇಕಾಗಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಅನ್ವಯಿಸುವುದು 18 ವರ್ಷ ತುಂಬಿದವರಿಂದ 60ನೆಯ ವರ್ಷ ಆರಂಭವಾಗದವರಿಗೆ ಮಾತ್ರ. ಆ ವಯಸ್ಸಿನವರಾದರೂ ರೋಗಿಗಳಿಗೆ ಉಪವಾಸದ ಕಟ್ಟಳೆಯಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ವಿನಾಯಿತಿ ಇದೆ. ಮಗಳು ಉಪವಾಸದ ಹರಕೆ ಹೊತ್ತಿದ್ದರೆ, ನ್ಯಾಯವಾದ ಕಾರಣಕ್ಕೆ ಆ ಖಾಸಗಿ ಹರಕೆಯಿಂದ ಬಿಡುಗಡೆ ಮಾಡುವ ಅಧಿಕಾರವನ್ನು 1196ನೆಯ ಕಾನೂನು ಧರ್ಮಕೇಂದ್ರದ ಗುರುಗಳಿಗೆ ಕೊಟ್ಟಿದೆ. ಅವಳನ್ನು ಕರೆದುಕೊಂಡು ಬನ್ನಿ; ಐದು ನಿಮಿಷದ ಕೆಲಸ. ಇಂಥ ಮಗುವಿಗೆ ತಪಸ್ಸುಕಾಲದ ತಪಸ್ಸು ಎಂದರೆ ಬಡಿಸಿದ್ದನ್ನು ಉಣ್ಣುವುದೇ.

ಸಂತರ ಚರಿತ್ರೆ ಓದಿದ ಮಕ್ಕಳು ಸಿಯೆನ್ನಾದ ಸಂತ ಕ್ಯಾಥರೀನರ ಉದಾಹರಣೆ ಕೊಟ್ಟಾರು. 1380ರಲ್ಲಿ 33ನೆಯ ವಯಸ್ಸಿನಲ್ಲಿ ನಿಧನರಾದ ಆ ಸಂತರಿಗೆ ಆಹಾರ ಸೇರುತ್ತಿರಲಿಲ್ಲ ಎಂಬುದು ನಿಜ. ಆದರೆ ಅದನ್ನು ಅವರು ಪುಣ್ಯವೆಂದು ಹೇಳಿಕೊಳ್ಳಲಿಲ್ಲ. ಒಂದು ಪತ್ರದಲ್ಲಿ ಅದನ್ನು ಅಸ್ವಸ್ಥತೆಯೆಂದೇ ಕರೆದು, ಗುಣವಾಗಲೆಂದು ಪ್ರಾರ್ಥಿಸಿದ್ದಾರೆ. 1970ರಲ್ಲಿ ಧರ್ಮಸಭೆ ಅವರಿಗೆ ಧರ್ಮಪಂಡಿತೆ ಎಂಬ ಗೌರವವಿತ್ತದ್ದು ಅವರ ಜ್ಞಾನಕ್ಕಾಗಿ, ಖಾಲಿ ಹೊಟ್ಟೆಗಾಗಿ ಅಲ್ಲ.

ಗುಣವಾಗುತ್ತದೆಯೇ?

ಆಗುತ್ತದೆ, ಆದರೆ ಸಮಯ ಹಿಡಿಯುತ್ತದೆ. ಅಮೆರಿಕದಲ್ಲಿ 22 ವರ್ಷಗಳವರೆಗೆ ರೋಗಿಗಳನ್ನು ಗಮನಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಮಂದಿ ಗುಣವಾಗಿದ್ದರು. 9 ವರ್ಷ ಕಳೆದರೂ ಗುಣವಾಗದಿದ್ದ ಅನೊರೆಕ್ಸಿಯಾ ರೋಗಿಗಳಲ್ಲೂ ಸುಮಾರು ಅರ್ಧದಷ್ಟು ಮಂದಿ ಆಮೇಲೆ ಚೇತರಿಸಿಕೊಂಡರು. ಬೇಗ ಚಿಕಿತ್ಸೆ ಆರಂಭಿಸಿದವರಿಗೆ ದಾರಿ ಇನ್ನೂ ಸುಲಭ. ಆದ್ದರಿಂದ ಯಾರೂ ‘ಇನ್ನು ಇವಳ ಕಥೆ ಇಷ್ಟೇ’ ಎನ್ನಬಾರದು. ಚಿಕಿತ್ಸೆಯ ಖರ್ಚು ಭಾರವಾದರೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಲ್ಲಿ ಅಥವಾ ಗುರುಗಳಲ್ಲಿ ಸಂಕೋಚವಿಲ್ಲದೆ ಹೇಳಿ; ಹೆಸರು ಹೊರಗೆ ಹೋಗುವುದಿಲ್ಲ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಪ್ರಸಂಗ ಬರುತ್ತದೆ. ಅವಳಿಗೂ ಹನ್ನೆರಡೇ ವರ್ಷ. ಕಥೆ ತಿಳಿದವರು ಪವಾಡವನ್ನು ನೆನೆಯುತ್ತಾರೆ. ಅದರ ಹಿಂದೆ ಮುಂದೆ ಯೇಸು ಮಾಡಿದ ಸಣ್ಣ ಕೆಲಸಗಳನ್ನು ಮರೆಯುತ್ತಾರೆ. ಗದ್ದಲ ಮಾಡುತ್ತಾ, ನಗುತ್ತಾ ಇದ್ದ ಜನರನ್ನು ಅವರು ಹೊರಗೆ ಕಳುಹಿಸಿದರು. ತಂದೆ ತಾಯಿಯನ್ನು ಒಳಗೆ ಇರಿಸಿಕೊಂಡರು. ಹುಡುಗಿ ಎದ್ದು ನಡೆದಾಡಿದ ಮೇಲೆ ಅವಳಿಗೆ ಉಪದೇಶ ಮಾಡಲಿಲ್ಲ. ಅವಳಿಗೆ ಊಟ ಕೊಡಿ ಎಂದು ಮನೆಯವರಿಗೆ ಹೇಳಿದರು. ಇಂಥ ಮಗುವಿರುವ ನಮ್ಮ ಮನೆಗಳಿಗೂ ಕ್ರಮ ಅದೇ.

ದೇವರು ನಿಮ್ಮ ಮನೆಗಳನ್ನೂ ನಿಮ್ಮ ಊಟದ ತಟ್ಟೆಗಳನ್ನೂ ಆಶೀರ್ವದಿಸಲಿ.

– ನಿಮ್ಮ ಧರ್ಮಕೇಂದ್ರದ ಗುರುಗಳು